ಧಾಲ್ ಪೂರಿಗಿರೋ ಮರ್ಯಾದೆ ನಮ್ಮ ಮುದ್ದೆಗೆ ಯಾಕಿಲ್ಲ

ಮಾರಿಷಸ್‌ ಸಮುದ್ರ ಚೆನ್ನಾಗಿದೆ, ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ. ನಾನು ಬರೀಬೇಕು ಅಂತ ಕೂತಿರೋದು ಅಲ್ಲಿನ ರಾಜಧಾನಿ ಪೋರ್ಟ್ ಲೂಯಿಸ್‌ನ ಮಾರ್ಕೆಟ್ ಹತ್ರ ಒಬ್ಬ ಬೈಕ್ ಹಿಂದೆ ಗಾಜಿನ ಪೆಟ್ಟಿಗೆ ಕಟ್ಕೊಂಡು ಮಾರ್ತಿದ್ದ ಧಾಲ್ ಪೂರಿ ಬಗ್ಗೆ. ದುಬೈನಿಂದ ಮಕ್ಕಳ ರಜಕ್ಕೆ ಅಂತ ಹೋಗಿದ್ವಿ. ಮಧ್ಯಾಹ್ನ ಹನ್ನೆರಡೂವರೆ, ಸುಡು ಬಿಸಿಲು, ಆ ಪೆಟ್ಟಿಗೆ ಮುಂದೆ ಕ್ಯೂ. ಕೊರಳಲ್ಲಿ ಬ್ಯಾಂಕಿನ ಐಡಿ ಕಾರ್ಡ್ ಹಾಕ್ಕೊಂಡೋರು, ಯೂನಿಫಾರ್ಮ್ ಹುಡುಗರು, ಒಬ್ಬ ಪೊಲೀಸ್, ಚೀನೀ ಮೂಲದ ಒಬ್ರು ಹೆಂಗಸು, ಆಫ್ರಿಕಾ ಮೂಲದ ಕ್ರಿಯೋಲ್ ಹುಡುಗರು, ಬಿಳಿ ತಲೆಯ ಒಬ್ಬ ಬಿಳಿಯ ಮನುಷ್ಯ, ಎಲ್ರೂ ಅದೇ ಲೈನಲ್ಲಿ.

ಧಾಲ್ ಪೂರಿ ಅಂದ್ರೆ ನಮ್ಮ ಬೇಳೆ ಒಬ್ಬಟ್ಟಲ್ಲಿ ಬೆಲ್ಲ ಬಿಟ್ಟು ಉಪ್ಪು, ಜೀರಿಗೆ, ಅರಿಶಿನ ಹಾಕಿದ್ರೆ ಹೇಗಿರುತ್ತೋ ಹಾಗೆ. ಹಳದಿ ಬಟಾಣಿ ಬೇಳೆ ಬೇಯಿಸಿ ಪುಡಿಪುಡಿ ಮಾಡಿ ಮೈದಾ ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿರ್ತಾರೆ. ಯಾವಾಗ್ಲೂ ಎರಡೆರಡೇ ಕೊಡೋದು. ಆತ ಒಂದರ ಮೇಲೊಂದು ಸ್ವಲ್ಪ ಜರುಗಿಸಿ ಹಾಸಿ, ಒಂದು ಸೌಟು ದಪ್ಪ ಕಾಳಿನ ಸಾರು, ಮೇಲೆ ಟೊಮೆಟೊ ಗೊಜ್ಜು, ಒಂದು ಚಿಟಿಕೆ ಹಸಿಮೆಣಸಿನಕಾಯಿ ಚಟ್ನಿ ಸವರಿ, ಪೇಪರಲ್ಲಿ ಸುತ್ತಿ ಕೈಗಿಡ್ತಾನೆ, ಅಷ್ಟೂ ಕೆಲಸ ನಾನು ಚಿಲ್ಲರೆ ಎಣಿಸೋಷ್ಟರಲ್ಲಿ ಮುಗಿದಿತ್ತು. ತುದಿಯಿಂದ ಸಾರು ಸೋರಿ ಮೊಣಕೈ ತನಕ ಇಳಿಯುತ್ತೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ, ರಸ್ತೇಲೇ ನಿಂತು ತಿಂತಾರೆ.

ಇದು ಯಾರ ಊಟ ಅಂತ ಯೋಚನೆ ಮಾಡಿ. ಅಲ್ಲಿಂದ ಸ್ವಲ್ಪ ನಡೆದ್ರೆ ಬಂದರಿನ ಪಕ್ಕ ಆಪ್ರವಾಸಿ ಘಾಟ್ ಇದೆ, ಭಾರತದಿಂದ ಬಂದ ಕೂಲಿಗಳನ್ನ ಇಳಿಸ್ಕೊಳ್ತಿದ್ದ ಹಳೇ ಜಾಗ, 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. 1834ರ ನವೆಂಬರ್ 2ಕ್ಕೆ ಅಟ್ಲಾಸ್ ಅನ್ನೋ ಹಡಗಲ್ಲಿ 36 ಜನ ಕೂಲಿಗಳು ಬಂದಿಳಿದರು, ಆಮೇಲೆ 1920ರ ತನಕ ಹತ್ರಹತ್ರ ಐದು ಲಕ್ಷ ಜನ ಆ ಬಂದರಿಗೆ ಬಂದರು. ಬಹಳಷ್ಟು ಬಿಹಾರದ ಭೋಜ್‌ಪುರಿ ಜನ, ಜೊತೆಗೆ ತಮಿಳರು, ತೆಲುಗರು, ಮರಾಠಿಗರು. ಕಬ್ಬಿನ ತೋಟದಲ್ಲಿ ಬೆನ್ನು ಮುರಿಯೋ ಕೆಲಸ, ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಇಷ್ಟು ರೇಷನ್. ಆ ಕೂಲಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಬೇಳೆ ತುಂಬಿದ ಆ ರೊಟ್ಟೀನ ಇಡೀ ದೇಶದ ಊಟ ಮಾಡಿದಾರೆ. ಪ್ರಧಾನಮಂತ್ರಿ ತಿಂತಾರೆ, ಗಾರೆ ಕೆಲಸದವನೂ ತಿಂತಾನೆ. ನಂಗೆ ಅಲ್ಲೇ ಗಂಟಲು ತುಂಬಿ ಬಂತು, ನಿಜವಾಗ್ಲೂ.

ನಮ್ಮೂರು ಶ್ರೀನಿವಾಸಪುರದ ಹತ್ರ. ಕೋಲಾರ ಜಿಲ್ಲೆ ಗೊತ್ತಿದ್ದೋರಿಗೆ ಗೊತ್ತು, ಮನೇಲಿ ತೆಲುಗು, ಬೀದೀಲಿ ಸ್ಕೂಲಲ್ಲಿ ಕನ್ನಡ. ನಮ್ಮ ಟ್ಯಾಕ್ಸಿ ಡ್ರೈವರ್ ತೆಲುಗು ಮೂಲದವನು. ನಾನೂ ನನ್ನ ಹೆಂಡತಿನೂ ಹಿಂದೆ ಕೂತು ತೆಲುಗಲ್ಲಿ ಮಾತಾಡಿದ್ದು ಕೇಳಿ ಗಾಡಿ ನಿಧಾನ ಮಾಡಿಬಿಟ್ಟ. ಅವನಿಗೆ ಭಾಷೆ ಅಷ್ಟು ಬರಲ್ಲ, ಅಜ್ಜಿ ಹಾಡ್ತಿದ್ದ ರಾಮ ಭಜನೆ ಮಾತ್ರ ಬಾಯಿಪಾಠ, ಆದ್ರೆ ಅಲ್ಲಿ ಯುಗಾದಿಗೆ ಸರ್ಕಾರಿ ರಜಾ ಇದೆ ಅಂತ ಹೆಮ್ಮೆಯಿಂದ ಹೇಳ್ದ. ಮಾರನೇ ದಿನ ಅವರ ದೊಡ್ಡಮ್ಮನ ಮನೇಲಿ ಪೂಜೆ, ಬನ್ನಿ ಅಂತ ಒತ್ತಾಯ ಮಾಡಿ ಕರ್ಕೊಂಡು ಹೋದ.

ಊಟಕ್ಕೆ ಬಾಳೆಎಲೆ. ಅವರ ಕಡೆ ಅದನ್ನ ಏಳು ಪಲ್ಯದ ಊಟ ಅಂತಾರೆ. ಅನ್ನದ ಸುತ್ತ ಸಿಹಿಗುಂಬಳ, ಎಳೆ ಹಲಸಿನಕಾಯಿ, ಬಾಳೆಕಾಯಿ, ದಪ್ಪ ಕಾಳು, ಸೊಪ್ಪು, ಟೊಮೆಟೊ ಚಟ್ನಿ, ಉಪ್ಪಿನಕಾಯಿ, ರಸಂ, ಹಪ್ಪಳ, ಕೊನೇಲಿ ಪಾಯಸ. ರಸಂ ಕುಡಿದ ನನ್ನ ಹೆಂಡತಿ ಎರಡನೇ ಸಲ ಹಾಕಿಸ್ಕೊಂಡ್ಲು. ಪಕ್ಕದ ಮನೆಯ ಕ್ರಿಯೋಲ್ ಕುಟುಂಬದೋರು ನಮ್ಮ ಪಂಕ್ತೀಲೇ ಕೂತಿದ್ರು, ನನಗಿಂತ ಸಲೀಸಾಗಿ ಕೈಯಲ್ಲಿ ಕಲಸಿ ತಿಂತಿದ್ರು. ಆವಾಗ ದೊಡ್ಡಮ್ಮ ನನ್ನ ಎದುರಿಗೆ ಕೂತು ಇಂಗ್ಲಿಷಲ್ಲಿ ಕೇಳಿದ್ರು, ನಿಮ್ಮೂರಲ್ಲಿ ಮದುವೆಗೆ ಏನೇನು ಬಡಿಸ್ತೀರಿ ಅಂತ. ಹೋದ ವರ್ಷ ಚಿಂತಾಮಣೀಲಿ ನೋಡಿದ ಆರತಕ್ಷತೆ ನೆನಪಾಯ್ತು, ಅದನ್ನೇ ಹೇಳ್ದೆ. ಗೋಬಿ ಮಂಚೂರಿ, ರುಮಾಲಿ ರೋಟಿ, ಪನೀರ್, ನೂಡಲ್ಸ್, ಚಾಟ್ ಕೌಂಟರ್, ಐಸ್‌ಕ್ರೀಮ್. ಆಯಮ್ಮ ಪೂರ್ತಿ ಕೇಳಿಸ್ಕೊಂಡು, "ನೂಡಲ್ಸ್ ನಮ್ಮಲ್ಲೂ ಚೀನಾದವರ ಅಂಗಡೀಲಿ ಸಿಗುತ್ತಪ್ಪ, ನಿಮ್ಮದು ಅಂತ ಏನು ಬಡಿಸ್ತೀರಿ?" ಅಂದ್ರು. ಕೊಂಕು ಅಲ್ಲ, ಪಾಪ ತಿಳ್ಕೊಳ್ಳೋಕೆ ಕೇಳಿದ್ದು. ಆದ್ರೆ ಎದೆಗೆ ನಾಟ್ತು.

ನಮ್ಮದು ಅಂದ್ರೆ ಮುದ್ದೆ ಅಲ್ವಾ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಯಾವ ಮನೆ ಅಡುಗೆಮನೆಗೆ ಹೋದ್ರೂ ಮೂಲೇಲಿ ಮುದ್ದೆ ಕೋಲು ಇರುತ್ತೆ. ಎಸರು ಮರಳೋವಾಗ ಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ ಬೇಯೋಕೆ ಬಿಟ್ಟು, ಆಮೇಲೆ ಪಾತ್ರೆ ಅಲ್ಲಾಡದ ಹಾಗೆ ಅದುಮಿ ಹಿಡ್ಕೊಂಡು ಒಂದೇ ಒಂದು ಗಂಟು ಇಲ್ದಂಗೆ ತಿರುವಿ, ಕೈ ತಣ್ಣೀರಲ್ಲಿ ಅದ್ದಿ ಹೊಗೆಯಾಡೋ ಹಿಟ್ಟನ್ನ ಉಂಡೆ ಮಾಡೋದಿದೆಯಲ್ಲ, ಅದು ತೋಳಲ್ಲಿ ಶಕ್ತಿ ಇರೋರ ಕೆಲಸ, ನಮ್ಮಮ್ಮ ಎಪ್ಪತ್ತು ದಾಟಿದ್ರೂ ಇವತ್ತಿಗೂ ಮಾಡ್ತಾರೆ. ಅದೇ ಅಮ್ಮ ಮನೆಗೆ ನೆಂಟರು ಬಂದ್ರೆ ಮುದ್ದೆ ಪಾತ್ರೆ ಒಳಗಿಟ್ಟು ಅನ್ನಕ್ಕೆ ಇಡ್ತಾರೆ, ಅರ್ಜೆಂಟ್ ಇದ್ರೆ ಚಪಾತಿ. ಚಿಂತಾಮಣಿ ಆರತಕ್ಷತೇಲಿ ನಾನು ಚಿಕ್ಕಪ್ಪನ್ನ ಕೇಳಿದ್ದೆ, ಒಂದು ಕಡೆ ಮುದ್ದೆ ಬಸ್ಸಾರು ಇಡಿಸಬಹುದಿತ್ತಲ್ವಾ ಚಿಕ್ಕಪ್ಪ ಅಂತ. "ಏನಪ್ಪ ನೀನು, ಇಂಥಾ ಛತ್ರ ಬುಕ್ ಮಾಡಿ ಬಂದೋರಿಗೆ ಮುದ್ದೆ ಹಾಕಿದ್ರೆ ಜನ ಏನಂತಾರೆ" ಅಂದ್ರು. ಆ ಜನ ಯಾರು ಅಂತ ನಾನು ಸುತ್ತ ನೋಡ್ದೆ, ಎಲ್ಲಾ ನಮ್ಮ ತಾಲ್ಲೂಕಿನೋರೇ, ಮನೇಲಿ ರಾತ್ರಿ ಮುದ್ದೆ ಇಲ್ದಿದ್ರೆ ನಿದ್ದೆ ಬರದೇ ಇರೋರು.

ಇನ್ನು ದುಬೈ ಕಥೆ ಬೇರೆ ಇಲ್ಲ. ರಾಜ್ಯೋತ್ಸವಕ್ಕೆ ಅಂತ ನಾವೆಲ್ಲಾ ಸೇರ್ತೀವಿ, ಕೆಂಪು ಹಳದಿ ಶಾಲು ಹಾಕ್ಕೊಂಡು ಭಾಷಣ ಆಗುತ್ತೆ, ಆಮೇಲೆ ಊಟಕ್ಕೆ ಹೋದ್ರೆ ನಾನ್, ಪನೀರ್ ಬಟರ್ ಮಸಾಲ, ಜೀರಾ ರೈಸ್. ಇಷ್ಟು ದೂರ ಬಂದು ನಾಡು ನುಡಿ ಅಂತ ಕೂಗಿ ಗಂಟಲು ಹರ್ಕೊಳ್ಳೋದು ಯಾಕೆ ಹಾಗಾದ್ರೆ? ನಂಗೆ ಇದು ನಿಜಕ್ಕೂ ಸಿಟ್ಟು ಬರಿಸುತ್ತೆ.

ರಾಗಿನೂ ಹೊರಗಿಂದ ಬಂದದ್ದೇ. ಆಫ್ರಿಕಾದ ಇಥಿಯೋಪಿಯ, ಉಗಾಂಡ ಕಡೆಯ ಎತ್ತರದ ನೆಲದಿಂದ ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದು ನಮ್ಮ ಕೆಂಪು ಮಣ್ಣಲ್ಲಿ ಬೇರು ಬಿಡ್ತು. ನದಿ ಇಲ್ದಿರೋ, ಬೋರ್‌ವೆಲ್ ಸಾವಿರಾರು ಅಡಿ ಕೊರೆದ್ರೂ ನೀರು ಕಾಣದ ಊರುಗಳಲ್ಲಿ ಬರೀ ಮಳೆ ನಂಬ್ಕೊಂಡು ಬೆಳೀತು, ನಮ್ಮನ್ನ ಸಾಕ್ತು. ಆಮೇಲೆ ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ಕೊಟ್ರು, ಇಳುವರಿ ಏರಿದ್ದು ಅದರಿಂದ. ದೇಶದಲ್ಲಿ ಬೆಳೆಯೋ ರಾಗೀಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದು. ಇಷ್ಟೆಲ್ಲಾ ಇದ್ದೂ ನಮ್ಮೂರಲ್ಲಿ ಏನಾಗ್ತಿದೆ ಅಂದ್ರೆ, 2024-25ರಲ್ಲಿ ಕ್ವಿಂಟಲ್‌ಗೆ 4290 ರೂಪಾಯಿ ಬೆಂಬಲ ಬೆಲೆ ಬಂತು ಅಂತ ಬೆಳೆದದ್ದನ್ನ ಖರೀದಿ ಕೇಂದ್ರಕ್ಕೆ ಹಾಕಿ ಅದೇ ದುಡ್ಡಲ್ಲಿ ಸೋನಾ ಮಸೂರಿ ತಂದ್ರು. ಮಾರೋದು ತಪ್ಪು ಅಂತಿಲ್ಲ, ರೈತನಿಗೆ ದುಡ್ಡು ಬೇಕೇ ಬೇಕು. ಆದ್ರೆ ಮುದ್ದೆ ಹೊಲದೋರ ಊಟ, ಅನ್ನ ಮರ್ಯಾದಸ್ಥರ ಊಟ ಅನ್ನೋ ಲೆಕ್ಕ ಇನ್ನೂ ಹೋಗಿಲ್ಲ ನೋಡಿ, ನಂಗೆ ನೋವಾಗೋದು ಅದು.

ಬೀಗರೂಟದಲ್ಲಿ ಮುದ್ದೆ ಇರುತ್ತಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಇರುತ್ತೆ, ಮಟನ್ ಸಾರು ಜೊತೆ, ಮದುವೆ ಮುಗಿದ್ಮೇಲೆ, ನಮ್ಮ ನಮ್ಮೋರೇ ಇರೋವಾಗ. ಇಡೀ ಊರಿಗೆ ಕಾರ್ಡ್ ಹಂಚಿ ಕರೆಯೋ ದಿನ ಇರಲ್ಲ. ಹೈವೇ ಹೋಟೆಲ್‌ಗಳಲ್ಲಿ ಮುದ್ದೆ ಊಟ ಅಂತ ದೊಡ್ಡ ಬೋರ್ಡ್ ಬಂದಿರೋದೂ ನಿಜ, ಬೆಂಗಳೂರಿನ ಐಟಿ ಹುಡುಗರು ಹುಡುಕ್ಕೊಂಡು ಹೋಗಿ ತಿಂತಾರೆ. ಒಪ್ಕೋತೀನಿ. ಶುಗರ್ ಬಂದ್ಮೇಲೆ ಡಾಕ್ಟರ್ ಹೇಳಿದ್ರು ಅಂತ ಮುದ್ದೆಗೆ ತಿರುಗಿ ಬಂದೋರೂ ನಮ್ಮ ಮನೇಲೇ ಇದಾರೆ.

ಮಾರಿಷಸ್‌ನೋರದ್ದು ಎಲ್ಲಾ ಸರಿ ಅಂತಾನೂ ಅಲ್ಲ. ಆ ಧಾಲ್ ಪೂರಿ ಮೈದಾ ಹೊರದೇಶದ ಗೋಧಿಯದು, ಅಕ್ಕಿನೂ ಹಡಗಲ್ಲೇ ಬರಬೇಕು, ಅವರ ಹೊಲದ ತುಂಬ ಕಬ್ಬು. ಭಾಷೆ ಕೈಬಿಟ್ಟು ಹೋಗ್ತಿದೆ, ಪೂಜೆ ಮನೇಲಿ ಹುಡುಗರು ತೆಲುಗು ಭಜನೇನ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಓದ್ತಿದ್ರು. ನಮ್ಮ ಮನೇಲಿ ಎರಡು ಭಾಷೆ ಇನ್ನೂ ಜೀವಂತ ಇದೆ, ಅದು ಸಣ್ಣ ವಿಷಯ ಅಲ್ಲ.

ಅಮ್ಮನ ವಿಷಯಾನೂ ಹೇಳಲೇಬೇಕು, ಹೇಳೋಕೆ ಮನಸ್ಸಿಲ್ದಿದ್ರೂ. ಅವರು ಚಿಕ್ಕವರಿದ್ದಾಗ ಅನ್ನ ಅಂದ್ರೆ ಹಬ್ಬಕ್ಕೆ ಮಾತ್ರ, ಉಳಿದ ದಿನ ಬೆಳಗ್ಗೆ ಸಂಜೆ ಮುದ್ದೆ, ಅದಕ್ಕೆ ಹುರುಳಿ ಸಾರು, ಅದೂ ಇಲ್ದಿದ್ರೆ ಉಪ್ಪು ಮೆಣಸಿನಕಾಯಿ. ಬಂದೋರಿಗೆ ಅನ್ನ ಹಾಕೋದು ಅಂದ್ರೆ ಮನೇಲಿರೋ ಒಳ್ಳೇದನ್ನ ತೆಗೆದು ಕೊಡೋದು. ನಂಗೆ ಬೆಂಗಳೂರು, ದುಬೈ ಎಲ್ಲಾ ಆದ್ಮೇಲೆ ಮುದ್ದೆ ಮೇಲೆ ಹೆಮ್ಮೆ ಬಂತು, ಅವರಿಗೆ ಅದು ಬೇರೇನೂ ಇಲ್ಲದೇ ತಿಂದ ದಿನಗಳ ನೆನಪು. ಆ ನೆನಪಿನ ಜೊತೆ ವಾದ ಮಾಡೋಕೆ ನಾನು ಹೋಗಲ್ಲ. ಚಿಕ್ಕಪ್ಪನ ಹತ್ರ ಮಾತ್ರ ಮಾಡೇ ಮಾಡ್ತೀನಿ, ಯಾಕಂದ್ರೆ ಈಗ ಅಕ್ಕಿ ರೇಷನ್ನಲ್ಲೇ ಬರುತ್ತೆ, ಅನ್ನ ಯಾರಿಗೂ ಅಪರೂಪ ಅಲ್ಲ.

ಬರೋ ಫೆಬ್ರವರೀಲಿ ಚಿಕ್ಕಪ್ಪನ ಮಗಳ ಮದುವೆ. ಫೋನ್ ಮಾಡಿ ಹೇಳಿದೀನಿ, ಆರತಕ್ಷತೆಗೆ ಮುದ್ದೆ, ಹಿತಕಿದ ಅವರೆಬೇಳೆ ಸಾರು ಇರಲಿ, ಅವರೆಕಾಯಿ ಕಾಲ ಇನ್ನೂ ಮುಗಿದಿರಲ್ಲ, ಖರ್ಚು ಪೂರ್ತಿ ನಂದು ಅಂತ. "ಬೀಗರನ್ನ ಒಂದು ಮಾತು ಕೇಳ್ಬೇಕಪ್ಪ" ಅಂದ್ರು. ಬೀಗರು ಮುಳಬಾಗಿಲಿನೋರು, ಆರು ಎಕರೆ ರಾಗಿ ಹೊಲ ಇರೋರು. ಅಡುಗೆ ಕಂಟ್ರಾಕ್ಟರ್ ನಂಬರ್ ಇಸ್ಕೊಂಡು ನಾನೇ ಮಾತಾಡ್ದೆ. ಸಾವಿರ ಜನಕ್ಕೆ ಬೀಗರೂಟದ ಮುದ್ದೆ ಮಾಡಿರೋ ಮನುಷ್ಯ, ಅವನಿಗೇನೂ ಕಷ್ಟ ಇಲ್ವಂತೆ, ಇಬ್ಬರು ಆಳು ಜಾಸ್ತಿ ಬೇಕು ಅಷ್ಟೇ ಅಂದ. ಬೀಗರ ಉತ್ತರ ಇನ್ನೂ ಬಂದಿಲ್ಲ.