ಸವೆದ ಸೆಂಟಿಗೆ ಒಂದೇ ನಂಬರು ಸಾಲದು

ನಾಣ್ಯ ಅಸಲಿಯೋ, ಎಷ್ಟು ಸವೆದಿದೆ ಅಂತ ನೋಡಿ ದರ್ಜೆ ಕೊಡುವ ಕಂಪನಿಗೆ, ಅಂದರೆ ಗ್ರೇಡಿಂಗಿಗೆ, ಕಳಿಸಿದ್ದ ನನ್ನ 1794ರ ಅಮೆರಿಕದ ತಾಮ್ರದ ಸೆಂಟು ಮೊನ್ನೆ ವಾಪಸ್ ಬಂತು. ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬ್, ಒಳಗೆ ನಾಣ್ಯ, ತಲೆಯ ಮೇಲೆ ಒಂದು ಚೀಟಿ: ‘ವಿಎಫ್ ಡೀಟೇಲ್ಸ್, ಎನ್ವಿರಾನ್‌ಮೆಂಟಲ್ ಡ್ಯಾಮೇಜ್’. ಸವಕಳಿಯ ಲೆಕ್ಕದಲ್ಲಿ ‘ವೆರಿ ಫೈನ್’, ಆದರೆ ವಾತಾವರಣದಿಂದ ಮೈ ಕೆಟ್ಟಿದೆ, ಹಾಗಾಗಿ ನಂಬರು ಇಲ್ಲ ಅಂತ ಅರ್ಥ. ಅಷ್ಟೇ. ಇನ್ನೂರಮೂವತ್ತು ವರ್ಷ ಬಾಳಿದ ನಾಣ್ಯದ ಬಗ್ಗೆ, ಎರಡು ತಿಂಗಳು ಕಾಯಿಸಿ, ದುಡ್ಡು ತೆಗೆದುಕೊಂಡು ಹೇಳಿದ್ದು ನಾಲ್ಕು ಪದ. ಕಂಪನಿಯ ಹೆಸರು ಬೇಡ. ಅವರ ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯಾಗಿಯೇ ಇದೆ. ನನ್ನ ತಕರಾರು ಇರುವುದು ಆ ನಿಯಮದ ಮೇಲೆ.

ನಾಣ್ಯ ಹೇಗಿದೆ ಅಂತ ನಾನೇ ಹೇಳಿಬಿಡುತ್ತೇನೆ. ಮುಂಬದಿಯಲ್ಲಿರುವ ಲಿಬರ್ಟಿ ಎಂಬ ಹೆಣ್ಣುಮುಖದ ಕೂದಲಿನ ಎಳೆಗಳನ್ನು ಎಣಿಸಬಹುದು. ಇಸವಿ ಸ್ಪಷ್ಟ. ಹಿಂಬದಿಯ ಎಲೆಹಾರ ತುಂಬಿಕೊಂಡಿದೆ. ಬಣ್ಣ ಹದವಾದ ಕಂದು. ಕತ್ತಿನ ಹಿಂದೆ ಮಾತ್ರ ಕಡಲೆ ಕಾಳಿನಷ್ಟು ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು, ಯಾವತ್ತೋ ಕಿಲುಬು ಕೂತು ಎದ್ದುಹೋದ ಗುರುತು. ಅಂಚಿನಲ್ಲಿ ಒಂದು ಹಳೇ ನಗ್ಗು. ಇನ್ನು ಪರಿಚಯದ ಸಂಗ್ರಾಹಕರೊಬ್ಬರ ಹತ್ತಿರ ಅದೇ 1794ರ ಇನ್ನೊಂದು ಸೆಂಟು ಇದೆ. ಅದು ಎಷ್ಟು ಕಾಲ ಮಣ್ಣೊಳಗಿತ್ತೋ ಏನೋ, ಮೈಯೆಲ್ಲ ಸಿಡುಬು ಬಂದು ಹೋದ ಹಾಗಿದೆ, ಲಿಬರ್ಟಿಯ ಕಣ್ಣು ಎಲ್ಲಿ ಗುಳಿ ಎಲ್ಲಿ ಅಂತ ಹುಡುಕಬೇಕು. ಆ ಸ್ಲ್ಯಾಬಿನ ಮೇಲೂ ಇದೇ ನಾಲ್ಕು ಪದ. ಒಂದಕ್ಷರ ವ್ಯತ್ಯಾಸವಿಲ್ಲ.

ಈ ಹುಚ್ಚು ಹಿಡಿಯದವರಿಗಾಗಿ ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ 1793ರಿಂದ 1857ರವರೆಗೆ ದೊಡ್ಡ ಗಾತ್ರದ ತಾಮ್ರದ ಸೆಂಟು, ಅದರ ಜೊತೆಗೆ ಅರ್ಧ ಸೆಂಟು ಚಲಾವಣೆಗೆ ಬರುತ್ತಿದ್ದವು. 1792ರ ಕಾನೂನು ಒಂದು ಸೆಂಟಿಗೆ 264 ಗ್ರೇನ್ (ತೂಕದ ಒಂದು ಸಣ್ಣ ಅಳತೆ) ತಾಮ್ರ ಇರಬೇಕು ಅಂದಿತ್ತು. ಒಂದೂ ಸೆಂಟು ಚಲಾವಣೆಗೆ ಬರುವ ಮುಂಚೆಯೇ, 1793ರ ಜನವರಿಯಲ್ಲಿ, ಅದನ್ನು 208ಕ್ಕೆ ಇಳಿಸಿದರು. ತಾಮ್ರದ ಬೆಲೆ ಏರಿದ್ದರಿಂದ ಮೂರು ವರ್ಷದೊಳಗೆ 168. ಫಿಲಡೆಲ್ಫಿಯಾದ ಆ ಪುಟ್ಟ ಟಂಕಸಾಲೆಗೆ ಒಳ್ಳೆಯ ತಾಮ್ರ ಸಿಗುವುದೇ ಕಷ್ಟವಿತ್ತು. ಊರವರ ಹಳೇ ಪಾತ್ರೆಪಗಡೆ, ಗುಜರಿ ತಾಮ್ರ, ಸಿಕ್ಕಿದ್ದನ್ನೆಲ್ಲ ಕರಗಿಸಿ ತಗಡು ಎಳೆಯುತ್ತಿದ್ದರು. ನ್ಯೂಯಾರ್ಕಿನ ವ್ಯಾಪಾರಿಗಳು ಹೊರಡಿಸಿದ್ದ ಟೋಕನ್‌ಗಳನ್ನೇ ಕತ್ತರಿಸಿ ಅರ್ಧ ಸೆಂಟು ಹೊಡೆದದ್ದೂ ಉಂಟು. ಆಮೇಲೆ ಇಂಗ್ಲೆಂಡಿನ ಬೌಲ್ಟನ್ ಕಾರ್ಖಾನೆಯಿಂದ ಅಚ್ಚು ಹೊಡೆಯದ ಖಾಲಿ ಬಿಲ್ಲೆಗಳು ಬರತೊಡಗಿದ ಮೇಲೆ ತಾಮ್ರದ ಗುಣಮಟ್ಟ ಸುಧಾರಿಸಿತು.

ಹಾಗಾಗಿ ಈ ನಾಣ್ಯಗಳಲ್ಲಿ ಅನೇಕವು ಹುಟ್ಟುವಾಗಲೇ ಊನ ಹೊತ್ತು ಬಂದವು. ಬಿರುಕು, ಸಿಪ್ಪೆ ಎದ್ದ ಪದರ, ಅಂಚಿನಲ್ಲಿ ತಾಮ್ರವೇ ಸಾಲದೆ ಅರ್ಧ ಚಂದ್ರದ ಹಾಗೆ ಕಡಿದುಹೋದ ಜಾಗ. ಗ್ರೇಡ್ ಮಾಡುವವರ ಮುಂದಿರುವ ಮೊದಲ ಪ್ರಶ್ನೆಯೇ ಇದು: ಕಾಣುತ್ತಿರುವುದು ಹುಟ್ಟುಮಚ್ಚೆಯೋ, ಗಾಯದ ಕಲೆಯೋ? ಆಮೇಲೆ ಸವಕಳಿ. 1793ರ ಮಾರ್ಚಿನಲ್ಲಿ ಹೊಡೆದ 36,103 ಚೈನ್ ಸೆಂಟುಗಳನ್ನೇ ನೋಡಿ. ಮುಂಬದಿಯ ಚಿತ್ರ ತಗ್ಗಾಗಿತ್ತು, ಹಿಂಬದಿಯ ಸರಪಳಿ ಗಟ್ಟಿಯಾಗಿ ಮೂಡಿತ್ತು. ಕೈಯಿಂದ ಕೈಗೆ ಓಡಾಡಿ ಲಿಬರ್ಟಿ ಬರೀ ನೆರಳಾಗಿ, ಇಸವಿ ಅಳಿಸಿಹೋಗಿದ್ದರೂ ಸರಪಳಿಯ ಕೊಂಡಿಗಳು ಹಾಗೇ ಉಳಿದಿರುತ್ತವೆ. 1ರಿಂದ 70ರವರೆಗಿನ ಗ್ರೇಡಿನಲ್ಲಿ ಮುಂದೆ 3, ಹಿಂದೆ 8. ಇದಕ್ಕೆ ಒಂದೇ ನಂಬರು ಕೊಡು ಅಂದರೆ ಯಾವುದನ್ನು ಕೊಡುವುದು? 1799ರ ಸೆಂಟಿನದು ಇನ್ನೊಂದು ಕಥೆ. ಅವು ಸಿಗುವುದೇ ಅಪರೂಪ, ಸಿಕ್ಕರೂ ಹೆಚ್ಚಿನವು ಕಪ್ಪಗೆ, ಒರಟಾಗಿ, ಸವೆದು ಸಿಗುತ್ತವೆ. ಆ ಇಸವಿಯಲ್ಲಿ ನಯವಾದ ಮೈ ಇರುವುದೇ ವಿಚಿತ್ರ. ಒರಟಾಗಿದೆ ಅಂತ ಅದನ್ನು ‘ಡೀಟೇಲ್ಸ್’ ಗುಂಪಿಗೆ ತಳ್ಳಿದರೆ ಆ ಇಸವಿಯನ್ನೇ ತಳ್ಳಿದ ಹಾಗೆ.

ಈ ನಂಬರುಗಳು ಎಲ್ಲಿಂದ ಬಂದವು ಅನ್ನುವುದೂ ಮಜವಾಗಿದೆ. ಇವತ್ತು ಅಮೆರಿಕದ ಎಲ್ಲ ನಾಣ್ಯಕ್ಕೂ ಬಳಸುವ 1ರಿಂದ 70ರ ಅಳತೆ ಹುಟ್ಟಿದ್ದೇ ಈ ದೊಡ್ಡ ಸೆಂಟುಗಳಿಗಾಗಿ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಅದನ್ನು ಪುಸ್ತಕದಲ್ಲಿ ಕೊಟ್ಟ. ಅದು ಮೂಲದಲ್ಲಿ ಬೆಲೆಯ ಲೆಕ್ಕ. ಗುರುತು ಹಿಡಿಯಲಿಕ್ಕಷ್ಟೇ ಉಳಿದಿರುವ ನಾಣ್ಯದ ಬೆಲೆ ಒಂದು ಪಾಲಾದರೆ, ಅಚ್ಚಿನಿಂದ ಈಗಷ್ಟೇ ಬಿದ್ದಂತಿರುವುದರ ಬೆಲೆ ಎಪ್ಪತ್ತು ಪಾಲು. ಮಾರುಕಟ್ಟೆ ಆ ಲೆಕ್ಕವನ್ನು ಬೇಗನೇ ಮೀರಿ ಓಡಿತು. ಬೆಲೆ ಹೋಯಿತು, ನಂಬರು ಉಳಿಯಿತು. (ಆ ಶೆಲ್ಡನ್ ಮಹಾಶಯ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟುಗಳನ್ನು ಎಗರಿಸಿ, ಆ ಜಾಗದಲ್ಲಿ ತನ್ನ ಕಳಪೆಯವನ್ನು ಇಟ್ಟಿದ್ದ ಅನ್ನುವುದು ಅವನು ಸತ್ತ ಮೇಲೆ ಬಯಲಾಯಿತು. ಒಂದೇ ಬಗೆಯ ಎರಡು ಸೆಂಟುಗಳ ನಡುವಿನ ವ್ಯತ್ಯಾಸ ಅವನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು!)

ನಾಣ್ಯ ಗ್ರೇಡ್ ಮಾಡುವ ಕಂಪನಿಗಳಲ್ಲಿ 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಕೆಲಸ ಶುರು ಮಾಡಿದವು. ಬೆಳ್ಳಿ, ಬಂಗಾರದ ಮಾಸದೆ ಹೊಸದರಂತಿರುವ ನಾಣ್ಯಗಳಿಗೆ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿತು. ಗಾಯಗೊಂಡ ನಾಣ್ಯ ಹೋದರೆ ಮೊದಮೊದಲು ಗ್ರೇಡೇ ಕೊಡದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದಕ್ಕೆ ಕಳಿಸುತ್ತಿದ್ದರು. ಸಂಗ್ರಾಹಕರು ಅದನ್ನು ‘ಬಾಡಿ ಬ್ಯಾಗ್’ ಅನ್ನುತ್ತಿದ್ದರು, ಹೆಣ ಸುತ್ತುವ ಚೀಲ. ಅದಕ್ಕೆ ಹೋಲಿಸಿದರೆ ‘ಡೀಟೇಲ್ಸ್’ ಚೀಟಿ ಸುಧಾರಣೆಯೇ. ಎಷ್ಟು ಸವೆದಿದೆ ಅಂತಲೂ ಹೇಳುತ್ತದೆ, ಏನೋ ತೊಂದರೆ ಇದೆ ಅಂತಲೂ ಹೇಳುತ್ತದೆ. ಆ ತೊಂದರೆ ಎಷ್ಟು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಸವೆದ ತಾಮ್ರದಲ್ಲಿ ಕೊಳ್ಳುವವನು ಕೇಳುವುದು ಅದೊಂದನ್ನೇ.

ತಾಮ್ರದವರ ಬಳಗ ಅಂತ ಒಂದಿದೆ, 1967ರಲ್ಲಿ ಹುಟ್ಟಿದ ಅರ್ಲಿ ಅಮೆರಿಕನ್ ಕಾಪರ್ಸ್, ಚಿಕ್ಕದಾಗಿ ಇಎಸಿ. ಇವರ ದಾರಿಯೇ ಬೇರೆ. ಮೊದಲು ಗಾಯಗಳನ್ನೆಲ್ಲ ಮರೆತು, ಎಷ್ಟು ಸವೆದಿದೆ ಅನ್ನುವುದಕ್ಕೆ ಮಾತ್ರ ಒಂದು ನಂಬರು. ಅದು ‘ಶಾರ್ಪ್‌ನೆಸ್’. ಆಮೇಲೆ ಗೀರು, ಗುಳಿ, ನಗ್ಗು, ಬಣ್ಣ ಒಂದೊಂದನ್ನೂ ಹೆಸರಿಸಿ ಅಂಕ ಕಳೆಯುತ್ತಾರೆ. ಉಳಿದದ್ದು ‘ನೆಟ್’. ಶಾರ್ಪ್‌ನೆಸ್ 25, ಕತ್ತಿನ ಹಿಂದೆ ಗುಳಿ, ಅಂಚಿನಲ್ಲಿ ನಗ್ಗು, ನೆಟ್ 15. ಇದರ ಮೇಲೆ ಮೈಯ ಸ್ಥಿತಿಗೆ ಮೂರು ಅಂತಸ್ತು: ಚಾಯ್ಸ್, ಆವರೇಜ್, ಸ್ಕಡ್ಜಿ. ಈ ಸ್ಕಡ್ಜಿಗೆ ಕನ್ನಡದಲ್ಲಿ ‘ಗಲೀಜು’ ಅನ್ನಬಹುದೇನೋ, ಆದರೆ ಆ ಪದದಲ್ಲಿರುವ ಅಕ್ಕರೆ ಗಲೀಜಿನಲ್ಲಿಲ್ಲ.

ಇಎಸಿ ಲೆಕ್ಕ ದೋಷವಿಲ್ಲದ್ದು ಅಂತ ನಾನೇನೂ ಹೇಳುತ್ತಿಲ್ಲ. ಒಂದೇ ಗೀರಿಗೆ ಒಬ್ಬರು ಐದು ಕಳೆದರೆ ಇನ್ನೊಬ್ಬರು ಹತ್ತು ಕಳೆಯುತ್ತಾರೆ. ಮುಖದ ಮೇಲಿನ ಗೀರಿಗೂ ಚಿತ್ರವಿಲ್ಲದ ಖಾಲಿ ಜಾಗದ ಗೀರಿಗೂ ಒಂದೇ ದಂಡ ಹಾಕುವುದಾ ಅನ್ನುವ ಜಗಳ ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ನೆಟ್ ನಂಬರು ಅನ್ನುವುದು ವೇಷ ಹಾಕಿದ ಬೆಲೆ. ‘ನಾನು ಇದಕ್ಕೆ 15ರ ದುಡ್ಡು ಕೊಡುತ್ತೇನೆ’ ಅನ್ನುವುದರ ಮಡಿಮಾತು. ಆದರೂ ನನಗೆ ಅದೇ ಇಷ್ಟ. ಯಾಕೆಂದರೆ ಲೆಕ್ಕದ ಹಾಳೆ ಎದುರಿಗಿದೆ. ಕಳೆದದ್ದು ಯಾಕೆ ಅಂತ ಬರೆದಿದೆ, ನಾನು ಒಪ್ಪದಿದ್ದರೆ ಬೇರೆ ಲೆಕ್ಕ ಹಾಕಿಕೊಳ್ಳಬಹುದು. ನಾಲ್ಕು ಪದದ ಚೀಟಿಯ ಜೊತೆ ಜಗಳವಾಡಲಿಕ್ಕೂ ಆಗುವುದಿಲ್ಲ.

ಇನ್ನೊಂದು ಸಂಗತಿ, ನನಗೆ ಇದೇ ದೊಡ್ಡದು: ಅಂಚು. 1794ರ ಸೆಂಟಿನ ಅಂಚಿನ ಸುತ್ತ ‘ಒನ್ ಹಂಡ್ರೆಡ್ ಫಾರ್ ಎ ಡಾಲರ್’ ಅಂತ ಬರೆದಿರುತ್ತದೆ. 1795ರಲ್ಲಿ ತೂಕ ಇಳಿಸಿದಾಗ ಬಿಲ್ಲೆ ತೆಳುವಾಗಿ, ಬರಹಕ್ಕೆ ಜಾಗವಿಲ್ಲದೆ, ಅಂಚು ಬೋಳಾಯಿತು. ಅದೇ 1795ರಲ್ಲಿ ಅಂಚಿಗೆ ಗೆರೆ ಕೊರೆದ ಸೆಂಟು ಒಂದು ಬಗೆಯದಿದೆ, ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅದರಲ್ಲೊಂದು 2009ರ ಹರಾಜಿನಲ್ಲಿ 12,65,000 ಡಾಲರಿಗೆ ಹೋಯಿತು. ಗ್ರೇಡು? ವಿಜಿ, ಅಂದರೆ ‘ವೆರಿ ಗುಡ್’, 10. ಎಪ್ಪತ್ತಕ್ಕೆ ಹತ್ತು! ಆ ನಾಣ್ಯದ ಮಹತ್ವ ಇರುವುದು ಮುಖದಲ್ಲಲ್ಲ, ಅಂಚಿನಲ್ಲಿ. ಸಾಮಾನ್ಯ ಸ್ಲ್ಯಾಬು ಮುಚ್ಚಿಡುವುದು ಸರಿಯಾಗಿ ಅದೇ ಅಂಚನ್ನು. ಅಂಚು ಕಾಣುವ ಡಬ್ಬಿಗಳು ಆಮೇಲೆ ಬಂದಿವೆ, ನಿಜ. ಅವುಗಳಲ್ಲೂ ನಾಣ್ಯವನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ ಹಾಗಾಗುವುದಿಲ್ಲ. ನನ್ನ ಸೆಂಟಿನ ಅಂಚಿನ ನಗ್ಗು ಯಾವ ಅಕ್ಷರದ ಮೇಲೆ ಬಿದ್ದಿದೆ ಅನ್ನುವುದು ಸ್ಲ್ಯಾಬಿನಲ್ಲಿ ನೋಡಿದವರಿಗೆ ತಿಳಿಯುವುದೇ ಇಲ್ಲ.

ಸವೆತ ಎಲ್ಲಾಯಿತು ಅನ್ನುವುದು ಎಷ್ಟಾಯಿತು ಅನ್ನುವುದಕ್ಕಿಂತ ಮುಖ್ಯ ಆಗುವುದೂ ಉಂಟು. 1794ರ ಒಂದು ಬಗೆಯಲ್ಲಿ ಹಿಂಬದಿಯ ಅಂಚಿನುದ್ದಕ್ಕೂ ಇರುವ ಹಲ್ಲಿನಂಥ ಗೀಟುಗಳ ನಡುವೆ 94 ಪುಟಾಣಿ ನಕ್ಷತ್ರಗಳಿವೆ. ಯಾಕೆ ಕೆತ್ತಿದರೋ ದೇವರೇ ಬಲ್ಲ. ಅದು ಬೇಕು ಅನ್ನುವವರಿಗೆ ಬೇಕಾದದ್ದು ನಕ್ಷತ್ರ. ಮುಖ ಚೆನ್ನಾಗಿ ಉಳಿದು ನಕ್ಷತ್ರ ಸವೆದುಹೋದ ನಾಣ್ಯಕ್ಕಿಂತ, ಮುಖ ಮಾಸಿದರೂ ಸಾಲಾಗಿ ನಕ್ಷತ್ರ ಉಳಿಸಿಕೊಂಡ ನಾಣ್ಯವನ್ನು ನಾನು ಕಣ್ಣು ಮುಚ್ಚಿ ಆರಿಸಿಕೊಳ್ಳುತ್ತೇನೆ.

ಹಾಗಂತ ಸ್ಲ್ಯಾಬ್ ಕಂಪನಿಗಳನ್ನು ಬೈದು ಮುಗಿಸಲಾರೆ. ಶುರುವಿನ ದಿನಗಳಲ್ಲಿ ನಾನೊಂದು 1799ರ ಸೆಂಟು ಕೊಂಡೆ, ಸ್ಲ್ಯಾಬಿಲ್ಲದ್ದು, ಕಪ್ಪಗೆ, ಸವೆದದ್ದು, ನೋಡಲು ಇರಬೇಕಾದ ಹಾಗೇ ಇತ್ತು. ಹೆಮ್ಮೆಯಿಂದ ಒಬ್ಬ ಹಿರಿಯ ಸಂಗ್ರಾಹಕರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಒಂದೇ ನಿಮಿಷ ನೋಡಿ, ಮಾತಾಡದೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಕೊನೆಯ 9ರ ಹೊಟ್ಟೆಯ ಕೆಳಗೆ ಕೆರೆದ ಗುರುತು. 1798ರ ಸೆಂಟಿನ 8ನ್ನು ಯಾರೋ ಕೆತ್ತಿ 9 ಮಾಡಿದ್ದರು. ಬಹಳ ಹಳೆಯ ಕೈಚಳಕವಂತೆ ಅದು. ಸವೆದ ನಾಣ್ಯದಲ್ಲಿ ಇಂಥ ಕೆಲಸ ಸಲೀಸು, ಏಕೆಂದರೆ ಸವಕಳಿಯೇ ಕಳ್ಳನಿಗೆ ಮರೆ. ಕೂದಲಿನ ಎಳೆ ಮತ್ತೆ ಕೆತ್ತುವುದು, ತೂತು ಮುಚ್ಚುವುದು, ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನಂತೆ ಹೊಳೆಯುವುದಕ್ಕೆ ಮತ್ತೆ ಕಂದುಬಣ್ಣ ಬರಿಸುವುದು, ಇವನ್ನೆಲ್ಲ ಹಿಡಿಯುವ ಕಣ್ಣು ಆ ಕಂಪನಿಗಳಲ್ಲಿದೆ. ಅಸಲಿ ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ದುಡ್ಡು ಕೊಡಲು ನನಗೆ ಇವತ್ತಿಗೂ ಬೇಸರವಿಲ್ಲ.

ಬೇಸರ ಇರುವುದು ಎರಡನೆಯ ಪ್ರಶ್ನೆಗೆ. ಅಸಲಿ ಅಂತ ಗೊತ್ತಾದ ಮೇಲೆ, ಅಷ್ಟೆಲ್ಲ ಬಲ್ಲ ಕಣ್ಣುಗಳೇ ನೋಡಿದ ಮೇಲೆ, ಕಂಡದ್ದನ್ನು ಯಾಕೆ ಬರೆಯಬಾರದು? ಮುಂಬದಿಗೊಂದು, ಹಿಂಬದಿಗೊಂದು ನಂಬರು, ಕೆಳಗೆ ಒಂದು ವಾಕ್ಯ. ಚೀಟಿಯಲ್ಲಿ ಜಾಗವಿಲ್ಲ ಅನ್ನುತ್ತಾರೆ. ಬಾರ್‌ಕೋಡಿಗೆ ಜಾಗವಿದೆ, ಹೊಳೆಯುವ ಸ್ಟಿಕ್ಕರಿಗೂ ಜಾಗವಿದೆ. ಒಂದೊಂದು ನಾಣ್ಯಕ್ಕೂ ವಾಕ್ಯ ಬರೆಯುತ್ತ ಕೂತರೆ ಕೆಲಸ ಸಾಗುವುದಿಲ್ಲ ಅನ್ನುವುದು ನಿಜವಾದ ಕಾರಣ ಇರಬೇಕು. ಅದನ್ನು ಒಪ್ಪುತ್ತೇನೆ. ಆದರೆ ಆ ವಾಕ್ಯಕ್ಕೆ ಬೇರೆ ಫೀಸು ಇಟ್ಟರೂ ಕೊಡುವವರು ಈ ಬಳಗದಲ್ಲಿ ಬಹಳ ಜನ ಇದ್ದಾರೆ.

ತಮಾಷೆಯೆಂದರೆ ಸವಕಳಿಯನ್ನೇ ಬೆನ್ನಟ್ಟುವವರೂ ಇದ್ದಾರೆ. ಎಲ್ಲಕ್ಕಿಂತ ಕಡಿಮೆ ಗ್ರೇಡಿನ ನಾಣ್ಯಗಳನ್ನೇ ಹುಡುಕಿ ಜೋಡಿಸುವ ‘ಲೋ ಬಾಲ್’ ಸೆಟ್ಟುಗಳಿಗೆ ಪೈಪೋಟಿ ಇದೆ. ಅವರಿಗೆ ಬೇಕಾದದ್ದು ಪೂರ್ ಒನ್, ಅಂದರೆ ಅಳತೆಯ 1, ನುಣುಪಾಗಿ ಸವೆದು ಸವೆದು, ಯಾವ ನಾಣ್ಯ ಅಂತ ಹೇಳಲಿಕ್ಕಷ್ಟೇ ಉಳಿದದ್ದು. ಆದರೆ ಅದರಲ್ಲೊಂದು ಗಾಯವಿದ್ದರೆ ಅವರಿಗೂ ಬೇಡ! ಬರೀ ಕೈಯಾಡಿ ಸವೆದದ್ದು ಗೌರವದ ಸಾವು, ಪೆಟ್ಟು ತಿಂದದ್ದು ಮರ್ಯಾದೆಗೇಡು. ಇದು ಯಾವ ನ್ಯಾಯ ಅಂತ ನನಗಿನ್ನೂ ಅರ್ಥವಾಗಿಲ್ಲ.

ನಿನ್ನೆ ರಾತ್ರಿ ಇಕ್ಕಳ ತಂದು ಸ್ಲ್ಯಾಬ್ ಒಡೆದೆ. ಮೂಲೆಗಳನ್ನು ಒಂದೊಂದಾಗಿ ಕಿತ್ತು, ನಾಣ್ಯವನ್ನು ಹತ್ತಿಬಟ್ಟೆಯ ಮೇಲೆ ಬೀಳಿಸಿಕೊಂಡೆ. ಮೆತ್ತನೆಯ ಒಂಟೆಕೂದಲಿನ ಬ್ರಷ್ಷಿನಿಂದ ನಿಧಾನ ಸವರಿದೆ. ಅಂಚು ತಿರುಗಿಸಿ ಓದಿದೆ. ನಗ್ಗು ಬಿದ್ದಿರುವುದು ‘ಡಾಲರ್’ನ ಎರಡು ಎಲ್‌ಗಳ ನಡುವೆ. ಚಿಕ್ಕ ಕಾಗದದ ಲಕೋಟೆ ತೆಗೆದುಕೊಂಡು ಪೆನ್ಸಿಲಿನಲ್ಲಿ ಬರೆದೆ: ಶಾರ್ಪ್‌ನೆಸ್ 25. ಕತ್ತಿನ ಹಿಂದೆ ಗುಳಿ, ಎರಡು ಎಲ್ ನಡುವೆ ನಗ್ಗು, ಬಣ್ಣ ಹಳೆಯದು, ಸಹಜ. ನೆಟ್ 15. ಸ್ವಲ್ಪ ಹೊತ್ತು ನೋಡಿ 15 ಅಳಿಸಿ 12 ಮಾಡಿದೆ. ಮತ್ತೆ 15 ಬರೆದೆ. ಕಂಪನಿಯ ಚೀಟಿಯನ್ನೂ ಮಡಚಿ ಅದೇ ಲಕೋಟೆಯೊಳಗೆ ಹಾಕಿಟ್ಟಿದ್ದೇನೆ. ನನ್ನ ನಂತರ ಕೊಳ್ಳುವವರು ಎರಡನ್ನೂ ಓದಿಕೊಳ್ಳಲಿ.