ಬಾಯಿ ಕಟ್ಟು ಅಂತ ಬೈದಿದ್ದೇ ಬೈದಿದ್ದು

ಶುಗರ್ ಇರೋರಿಗೆ ನಾವೆಲ್ಲ ಹೇಳೋದು ಒಂದೇ: ಬಾಯಿ ಕಟ್ಟು. ನಾನೂ ಅಪ್ಪನಿಗೆ ಅದನ್ನೇ ಹೇಳುತ್ತಿದ್ದೆ. ಹೇಳೋದೇನು ಬಂತು, ಬೈಯುತ್ತಿದ್ದೆ.

ಹೋದ ವರ್ಷ ಅಪ್ಪನ ಶುಗರ್‌ನ ಮೂರು ತಿಂಗಳ ಸರಾಸರಿ (HbA1c) 10 ದಾಟಿತ್ತು. ಅಮ್ಮ ಸಕ್ಕರೆ ಡಬ್ಬಿ ಬಚ್ಚಿಟ್ಟಳು. ನಾನು ಫೋನಲ್ಲೇ ರೇಗಾಡಿದೆ. ಊರಿಗೆ ಹೋದಾಗ ಗೊತ್ತಾಯಿತು, ಮನುಷ್ಯ ಕದ್ದು ತಿನ್ನುತ್ತಲೇ ಇರಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ರಾತ್ರಿ ಮೂರಕ್ಕೆ ಎದ್ದು ಜಗಲಿ ಮೇಲೆ ಸುಮ್ನೆ ಕೂತಿರುತ್ತಿದ್ದ. ಮಾತ್ರೆ ಶೀಟುಗಳು ದೇವರ ಪಟದ ಹಿಂದೆ ಹಾಗೇ ಇದ್ದವು. ಮೂವತ್ತು ವರ್ಷ ಶಿಡ್ಲಘಟ್ಟ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿದವನು, ಇವತ್ತು ರೇಟೆಷ್ಟು ಅಂತ ಕೇಳೋದನ್ನೇ ಬಿಟ್ಟಿದ್ದ. ಗೂಡು ಬೆಳೆಯೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇದನ್ನು ಹಿಡಿದವರು ರಕ್ತ ತೆಗೆಯುತ್ತಿದ್ದ ಸಿಸ್ಟರ್. ಕೇಳಿದ್ದು ಎರಡೇ ಪ್ರಶ್ನೆ. "ಯಜಮಾನ್ರೇ, ಹದಿನೈದು ದಿನದಿಂದ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ಸುತ್ತಾ? ಮನಸ್ಸು ಕುಗ್ಗಿದೆಯಾ?"

"ಏನೂ ಬೇಡ ಅನ್ಸುತ್ತಮ್ಮಾ" ಅಂದುಬಿಟ್ಟ ಅಪ್ಪ. ನನಗೆ ಹೇಳದ ಮಾತು. ಹೇಳೋಕೆ ನಾನೆಲ್ಲಿ ಬಿಟ್ಟಿದ್ದೆ?

ಶುಗರ್ ಇರೋರಿಗೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮನಸ್ಸು ಕುಸಿದರೆ ಮಾತ್ರೆ, ನಡಿಗೆ, ಊಟ ಎಲ್ಲ ಏರುಪೇರು. ಶುಗರ್ ಏರಿದರೆ ಸುಸ್ತು, ರಾತ್ರಿಯೆಲ್ಲ ಎದ್ದು ಓಡಾಟ, ಮನಸ್ಸು ಇನ್ನೂ ಕೆಳಗೆ. ನೋಡೋರು ಮಾತ್ರ "ಸುಸ್ತಾ? ಶುಗರ್ ಇರಬೇಕು ಬಿಡು" ಅಂತಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಹೋಗೋಣ ಅಂದೆ. "ನನಗೇನು ಹುಚ್ಚಾ?" ಅಂದ. ಆ ಸಾಲಿನಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನೋ ಭಯ. ಅದಕ್ಕೇ ನನ್ನ ಜಗಳ. ಸಕ್ಕರೆ ನೋಡುವ ಕೋಣೆಯಲ್ಲೇ ಮನಸ್ಸನ್ನೂ ಯಾಕೆ ನೋಡಬಾರದು? ಇದು ಬರೀ ನನ್ನ ಹಟ ಅಲ್ಲ. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣದ ಶುಗರ್ ಕ್ಲಿನಿಕ್‌ಗಳಲ್ಲಿ 404 ಜನರನ್ನು ಎರಡು ವರ್ಷ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಧ ಜನರನ್ನು ಕ್ಲಿನಿಕ್‌ನ ಸಿಬ್ಬಂದಿಯೇ ಆಗಾಗ ಮಾತಾಡಿಸುತ್ತಿದ್ದರು. ಮನೋವೈದ್ಯರು ಹಿಂದಿನಿಂದ ಸಲಹೆ ಕೊಡುತ್ತಿದ್ದರು. ಖಿನ್ನತೆಯೂ ಇಳಿದು, ಶುಗರ್, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲೇ ಜಾಸ್ತಿ.

ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಾನೇ ಫೋನ್ ಮಾಡಿ ಅಪ್ಪನ ಕೈಗೆ ಕೊಟ್ಟೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ನಾನು ಎದ್ದು ಹೊರಗೆ ಹೋದೆ. ಅದಾದ ಮೇಲೆ ಡಾಕ್ಟ್ರ ಹತ್ತಿರ ಬರೋಕೆ ಒಪ್ಪಿದ. ಹೋಗೋರು ಶುಗರ್ ಮಾತ್ರೆಗಳ ಚೀಟಿ ತಪ್ಪದೆ ತೋರಿಸಿ. ಖಿನ್ನತೆಯ ಕೆಲವು ಮಾತ್ರೆಗಳಿಂದ ತೂಕ, ಶುಗರ್ ಏರಬಹುದು. ಗುಣ ಕಾಣೋಕೂ ಕೆಲವು ವಾರ ಬೇಕು, ನಡುವೆ ಬಿಡಬೇಡಿ. ಇನ್ನೊಂದು ವಿಷಯ. ಬೆವರು, ನಡುಕ, ಎದೆ ಡವಡವ ಬಂದರೆ ಅದನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಮೊದಲು ಗ್ಲುಕೋಮೀಟರ್ ಹಿಡಿಯಿರಿ, ಶುಗರ್ ಇಳಿದಿರಬಹುದು.

ಈಗ ಅಪ್ಪನ ಮೂರು ತಿಂಗಳ ಸರಾಸರಿ 8ರ ಹತ್ತಿರ ಇದೆ. ಒಂದೊಂದು ರಾತ್ರಿ ಇನ್ನೂ ಜಗಲಿಗೆ ಬರುತ್ತಾನೆ. ಮೊನ್ನೆ ಮುದ್ದೆ ಪೂರ್ತಿ ಉಂಡು, ಬಸ್ಸಾರಿಗೆ ಉಪ್ಪೇ ಹಾಕಿಲ್ಲ ಅಂತ ಅಮ್ಮನ ಮೇಲೆ ರೇಗಿದ. ಅಮ್ಮ ಅಡುಗೆಮನೆಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.