ಮೂಲವ್ಯಾಧಿ ಆಪರೇಷನ್ ಬಳಿಕ ಮಲದ ದಾರಿ ಕಿರಿದಾದರೆ ಮತ್ತೆ ಕತ್ತರಿ ಬೇಕೇ?

ಪರ: ಗುದದ್ವಾರದ ಸುತ್ತ ಬಳೆಯಂತೆ ಬಿಗಿದ ಗಾಯದ ಕಲೆ, ಹಣ್ಣು ತಿಂದರೆ ಕರಗುವುದಿಲ್ಲ

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಭಾವ, ಮೂಲವ್ಯಾಧಿ ಆಪರೇಷನ್ ಆದ ಮೂರನೇ ತಿಂಗಳಿಗೆಲ್ಲ ಶೌಚಾಲಯದಲ್ಲಿ ಮುಕ್ಕಾಲು ಗಂಟೆ ಕೂರತೊಡಗಿದರು. ಮಲ ಪೆನ್ಸಿಲ್ ದಪ್ಪ, ಅದೂ ತಿಣುಕಿದರೆ. ಮಿರ್ಚಿ ಮಂಡಕ್ಕಿ ಬಿಟ್ಟರು, ಬೆಣ್ಣೆ ದೋಸೆಗೂ ಕೈ ಮುಗಿದರು, ಇಸಬ್‌ಗೋಲು ಕುಡಿದರು. ನಾಚಿಕೆಯಿಂದ ಅಕ್ಕನಿಗೂ ಹೇಳಲಿಲ್ಲ. ಕೊನೆಗೆ ಪರೀಕ್ಷಿಸಿದ ವೈದ್ಯರ ಕಿರುಬೆರಳು ಕೂಡ ಒಳಗೆ ಹೋಗಲಿಲ್ಲ. ತೀವ್ರ ಹಂತ ಎಂದರೆ ಇದೇ.

ಮೊಳೆಗಳನ್ನು ತೆಗೆಯುವಾಗ ಅವುಗಳ ನಡುವೆ ಚರ್ಮದ ಸೇತುವೆ ಉಳಿಸಬೇಕು. 1937ರಲ್ಲಿ ಶಸ್ತ್ರವೈದ್ಯರಾದ ಮಿಲಿಗನ್ ಮತ್ತು ಮಾರ್ಗನ್ ವಿವರಿಸಿದ ವಿಧಾನದಲ್ಲೂ ಇದೇ ಮುಖ್ಯ. ಸೇತುವೆಯನ್ನೂ ಬಳಿದು ತೆಗೆದರೆ ಗಾಯ ಸುತ್ತಲೂ ಒಂದಾಗಿ, ಚೀಲದ ಬಾಯಿಗೆ ದಾರ ಎಳೆದಂತೆ ಬಿಗಿಯುತ್ತದೆ. ಅಲ್ಲಿ ಕೊರತೆಯಿರುವುದು ಚರ್ಮದ್ದು. ಅದನ್ನು ಹೊರಗಿನಿಂದಲೇ ತರಬೇಕು. ಅನೋಪ್ಲಾಸ್ಟಿಯಲ್ಲಿ ಕಲೆಯನ್ನು ಬಿಡಿಸಿ, ಪಕ್ಕದ ಚರ್ಮವನ್ನು ಅಡಿಯ ಕೊಬ್ಬಿನ ಸಮೇತ ಒಳಕ್ಕೆ ಸರಿಸಿ ಹೊಲಿಯುತ್ತಾರೆ. ರಕ್ತದ ಹರಿವು ತಪ್ಪದಿರಲಿ ಎಂದೇ ಆ ಕೊಬ್ಬು. ತುಂಡಿನ ಆಕಾರ ವಜ್ರದಂತಿರಬಹುದು, ಮನೆಯಂತಿರಬಹುದು. ಕಂಕುಳಲ್ಲಿ ಬಿಗಿಯಾದ ಅಂಗಿಗೆ ದರ್ಜಿ ತುಂಡು ಬಟ್ಟೆ ಸೇರಿಸುವುದಿಲ್ಲವೇ, ಹಾಗೆ ಎಂದು ಭಾವನೇ ಈಗ ಗಿರಾಕಿಗಳಿಗೆ ವಿವರಿಸುತ್ತಾರೆ. ಅವರ ನಾಚಿಕೆ ಎಲ್ಲಿ ಹೋಯಿತೋ!

ವಿರೋಧ: ಮೊದಲು ಬೆರಳು, ಆಮೇಲೆ ಕತ್ತರಿ

ಕಿರುಬೆರಳು ಹೋಗದವರ ಕತೆ ಹೇಳಿ ಎಲ್ಲರನ್ನೂ ಆಪರೇಷನ್ ಟೇಬಲ್ಲಿಗೆ ಹತ್ತಿಸುವುದು ಸರಿಯಲ್ಲ. ನನಗೂ ದಾರಿ ಕಿರಿದಾಗಿತ್ತು. ಆದರೆ ಜೆಲ್ ಸವರಿದ ತೋರುಬೆರಳು ಬಿಗಿಯಾಗಿಯಾದರೂ ಹೋಗುತ್ತಿತ್ತು. ಇಂಥವರಿಗೆ ನಾರಿನ ಊಟ, ನೀರು, ಮಲ ಮೆದುವಾಗಿಸುವ ಔಷಧ, ಜೊತೆಗೆ ವೈದ್ಯರು ಕಲಿಸಿಕೊಟ್ಟಂತೆ ಡೈಲೇಟರ್, ಅಂದರೆ ದಾರಿ ಹಿಗ್ಗಿಸುವ ನುಣುಪಾದ ಕಡ್ಡಿ, ಸಾಕಾಗಬಹುದು. ಸಣ್ಣ ಕಡ್ಡಿಯಿಂದ ಶುರು, ಅವಸರವಿಲ್ಲ. ಅರಿವಳಿಕೆ ಕೊಟ್ಟು ಒಮ್ಮೆಲೇ ಬಲವಂತವಾಗಿ ಹಿಗ್ಗಿಸುವುದು ಬೇರೆ ಮಾತು. ಅದರಲ್ಲಿ ಸ್ನಾಯು ಹರಿದು, ಮಲ ತಡೆದುಕೊಳ್ಳುವ ಶಕ್ತಿಯೇ ಹೋಗಬಹುದು.

ಜನ ಎಡವುವುದು ಭೇದಿ ಮಾತ್ರೆಯಲ್ಲಿ. ನೋವಿಗೆ ಹೆದರಿ ದಿನವೂ ನುಂಗಿದರೆ ಮಲ ನೀರಾಗುತ್ತದೆ. ದ್ವಾರವನ್ನು ನಿತ್ಯ ಒಳಗಿನಿಂದ ಹಿಗ್ಗಿಸುವುದು ಹದವಾಗಿ ಕಟ್ಟಿಕೊಂಡ ಮಲ. ಅದೇ ಇಲ್ಲವಾದರೆ ಬಳೆ ಇನ್ನಷ್ಟು ಮುದುಡುತ್ತದೆ. ನಾನೂ ಒಂದು ತಿಂಗಳು ಈ ತಪ್ಪು ಮಾಡಿದೆ. ಆಮೇಲೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯಕ್ಕೆ ಮರಳಿದೆ.

ಇನ್ನೊಂದು ವಿಷಯ. ಅಲ್ಲಿನ ಚರ್ಮ ಬಿರುಕು ಬಿಟ್ಟ ನೋವಿಗೆ ಸ್ನಾಯು ಹಿಡಿದುಕೊಂಡರೂ ದ್ವಾರ ಕಿರಿದೆನಿಸುತ್ತದೆ. ಅರಿವಳಿಕೆಯಲ್ಲಿ ಆ ಹಿಡಿತ ಸಡಿಲವಾಗುತ್ತದೆ, ಕಲೆ ಸಡಿಲವಾಗುವುದಿಲ್ಲ. ಈ ವ್ಯತ್ಯಾಸ ನೋಡದೆ ಚರ್ಮ ಸರಿಸಲು ಹೊರಟರೆ ಹೇಗೆ? ಸರಿಸಿದ ಚರ್ಮ ಸಾಯಬಹುದು, ಕೀವಾಗಬಹುದು, ದಾರಿ ಮತ್ತೆ ಕಿರಿದಾಗಬಹುದು. ದಾವಣಗೆರೆಯ ಆ ಭಾವನವರಂಥ ಸ್ಥಿತಿಯಲ್ಲಿ ನಾನೂ ಬೇಡ ಎನ್ನುತ್ತಿರಲಿಲ್ಲ, ಅದು ನಿಜ.

ನನ್ನ ಡೈಲೇಟರ್ ಈಗ ವಾರಕ್ಕೊಮ್ಮೆ ಮಾತ್ರ ಬೀರುವಿನಿಂದ ಹೊರಬರುತ್ತದೆ. ಮೊನ್ನೆ ಮೊಮ್ಮಗ ನೋಡಿ, “ಏನಜ್ಜಾ ಇದು?” ಎಂದ. ಥರ್ಮಾಮೀಟರ್ ಎಂದೆ.